ಲೂಪಿನಲ್ಲಿ ಹಿಂದಿನ ಸಾಲಿನ ಡೇಟಾ ಮುಂದಿನ ಸಾಲಿಗೆ ಅಂಟಿಕೊಳ್ಳುತ್ತಿದೆ: ಆಬ್ಜೆಕ್ಟಿನ ಪ್ರಾಪರ್ಟಿಗಳನ್ನು ರೀಸೆಟ್ ಮಾಡುವುದು ಹೇಗೆ?

ಅರ್ಧವಿರಾಮ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಪಿಎಚ್‌ಪಿ (ವೆಬ್‌ಸೈಟ್‌ಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) 8.2 ಬಳಸುತ್ತಿದ್ದೇನೆ. ಸಿಎಸ್‌ವಿ ಫೈಲ್ ಓದಿ ಗ್ರಾಹಕರ ವಿವರಗಳನ್ನು ಡೇಟಾಬೇಸ್‌ಗೆ ಹಾಕುವ ಕೆಲಸ. ಆಫೀಸಿನ ಕೋಡ್, ಹಾಗೇ ಅಂಟಿಸುವಂತಿಲ್ಲ. ಹೆಸರುಗಳನ್ನು ಬದಲಿಸಿ ಅದರ ಆಕಾರ ಮಾತ್ರ ಬರೆಯುತ್ತೇನೆ:

$ಗ್ರಾಹಕ = ನ್ಯೂ ಗ್ರಾಹಕ();
ಫಾರ್‌ಈಚ್ ($ಸಾಲುಗಳು ಆ್ಯಸ್ $ಸಾಲು) {
    $ಗ್ರಾಹಕ->ತುಂಬು($ಸಾಲು);
    $ಗ್ರಾಹಕ->ಉಳಿಸು();
}

‘ತುಂಬು’ ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಖಾಲಿ ಕಾಲಂ ಸಿಕ್ಕರೆ ಅದನ್ನು ಮುಟ್ಟದೆ ಬಿಟ್ಟುಬಿಡುತ್ತದೆ. ತೊಂದರೆ ಅಲ್ಲೇ. ಒಬ್ಬರ ಸಾಲಿನಲ್ಲಿ ಫೋನ್ ನಂಬರ್ ಇಲ್ಲದಿದ್ದರೆ, ಅವರ ಹೆಸರಿಗೆ ಹಿಂದಿನವರ ಫೋನ್ ನಂಬರ್ ಸೇರಿಕೊಳ್ಳುತ್ತಿದೆ. ಎರಡು ವಾರ ಯಾರ ಕಣ್ಣಿಗೂ ಬೀಳಲಿಲ್ಲ. ಯಾರಿಗೋ ಹೋಗಬೇಕಾದ ಮೆಸೇಜ್ ಇನ್ಯಾರಿಗೋ ಹೋದ ಮೇಲೆ ಗೊತ್ತಾಯಿತು.

ನನಗೆ ಬೇಕಾದದ್ದು ಇಷ್ಟೇ: ಪ್ರತಿ ಸುತ್ತಿನ ಮೊದಲು ಆಬ್ಜೆಕ್ಟಿನ ಎಲ್ಲ ಪ್ರಾಪರ್ಟಿಗಳೂ (ಹೆಸರು, ಫೋನ್ ಮುಂತಾದ ಖಾನೆಗಳು) ಅದರ ಅಚ್ಚಾದ ಕ್ಲಾಸಿನಲ್ಲಿ ಬರೆದಿರುವ ಮೊದಲ ಬೆಲೆಗೆ ಮರಳಬೇಕು. 22 ಪ್ರಾಪರ್ಟಿಗಳಿವೆ. ಒಂದೊಂದನ್ನೂ ಕೈಯಲ್ಲಿ ಬರೆಯುವುದಕ್ಕೆ ಮನಸ್ಸಿಲ್ಲ. ಇದಕ್ಕೆಂದೇ ಒಂದು ಫಂಕ್ಷನ್ ಇರಬೇಕಲ್ವಾ?

ಲೂಪಿನೊಳಗೆ

ಸುಲಭ. ಕ್ಲಾಸಿನೊಳಗೆ ಒಂದು ‘ರೀಸೆಟ್’ ಮೆಥಡ್ ಹಾಕಿ. ಅದರಲ್ಲಿ $ದಿಸ್ (ಅಂದರೆ ಆ ಆಬ್ಜೆಕ್ಟೇ) ಮೇಲೆ ಫಾರ್‌ಈಚ್ ಓಡಿಸಿ, ಸಿಕ್ಕಿದ ಪ್ರತಿ ಪ್ರಾಪರ್ಟಿಯನ್ನೂ ಅನ್‌ಸೆಟ್ ಮಾಡಿ. ಕ್ಲಾಸಿನ ಒಳಗಿಂದ ಓಡಿಸಿದರೆ ಹೊರಗೆ ಕಾಣದ ಪ್ರೈವೇಟ್ ಪ್ರಾಪರ್ಟಿಗಳೂ ಕಾಣುತ್ತವೆ. ಮೂರು ಸಾಲು, ಮುಗೀತು.

ನಲ್‌ಸೊನ್ನೆಯಲ್ಲ

ಮೂರು ಸಾಲಿಗೆ ಮುಗಿಯುವುದಿಲ್ಲ ಸರ್, ಅಲ್ಲಿಂದ ಶುರುವಾಗುತ್ತದೆ.

ಅನ್‌ಸೆಟ್ ಎಂದರೆ ಮೊದಲ ಬೆಲೆಗೆ ಮರಳಿಸುವುದಲ್ಲ. ಪ್ರಾಪರ್ಟಿಯನ್ನೇ ಆ ಆಬ್ಜೆಕ್ಟಿನಿಂದ ಕಿತ್ತುಹಾಕುವುದು. ಕ್ಲಾಸಿನಲ್ಲಿ ‘$ದೇಶ’ಕ್ಕೆ ಏನೋ ಡಿಫಾಲ್ಟ್ (ಮೊದಲ ಬೆಲೆ) ಕೊಟ್ಟಿದ್ದೀರಿ ಅಂದುಕೊಳ್ಳಿ. ಅನ್‌ಸೆಟ್ ಮಾಡಿದ ಮೇಲೆ ಓದಿದರೆ ಆ ಡಿಫಾಲ್ಟ್ ಬರುವುದಿಲ್ಲ. ‘ಅನ್‌ಡಿಫೈನ್ಡ್ ಪ್ರಾಪರ್ಟಿ’ ಎಂಬ ವಾರ್ನಿಂಗ್ ಬರುತ್ತದೆ, ಕೈಗೆ ನಲ್ (‘ಏನೂ ಇಲ್ಲ’ ಎಂಬ ಬೆಲೆ) ಸಿಗುತ್ತದೆ. ಪಿಎಚ್‌ಪಿ 8ಕ್ಕಿಂತ ಮೊದಲು ಅದು ಬರೀ ನೋಟಿಸ್ ಆಗಿತ್ತು, ಹಾಗಾಗಿ ಹಳೇ ಕೋಡ್‌ಗಳಲ್ಲಿ ಯಾರೂ ಗಮನಿಸದೆ ಬಿಟ್ಟಿರುತ್ತಾರೆ.

ಟೈಪ್ (ಸಂಖ್ಯೆಯೋ, ಅಕ್ಷರಗಳೋ ಎಂಬುದು) ಬರೆದ ಪ್ರಾಪರ್ಟಿಯಾದರೆ ಇನ್ನೂ ಜೋರು. 2019ರ 7.4ರಲ್ಲಿ ಟೈಪ್ ಬಂದಾಗ ‘ಇನ್ನೂ ಬೆಲೆಯೇ ಸಿಕ್ಕಿಲ್ಲ’ ಎಂಬ ಹೊಸ ಸ್ಥಿತಿಯೊಂದೂ ಬಂತು. ಅದು ನಲ್ ಅಲ್ಲ, ಖಾಲಿ ಸ್ಟ್ರಿಂಗ್ ಅಲ್ಲ. ಅನ್‌ಸೆಟ್ ಮಾಡಿದ ಟೈಪ್ಡ್ ಪ್ರಾಪರ್ಟಿ ಆ ಸ್ಥಿತಿಗೆ ಹೋಗುತ್ತದೆ. ಓದಲು ಹೋದರೆ ವಾರ್ನಿಂಗ್ ಅಲ್ಲ, ನೇರ ಎರರ್. ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಇನ್ನೊಂದು. ಕ್ಲಾಸಿನಲ್ಲಿ ಮ್ಯಾಜಿಕ್ ಗೆಟ್ ಮೆಥಡ್ (ಇಲ್ಲದ ಪ್ರಾಪರ್ಟಿ ಓದಿದಾಗ ತಾನಾಗಿ ಓಡುವುದು) ಇದ್ದರೆ, ಅನ್‌ಸೆಟ್ ಆದ ಪ್ರಾಪರ್ಟಿಯನ್ನು ಓದುವಾಗ ಅದು ಎದ್ದು ಕೂರುತ್ತದೆ. ಲೇಜಿ ಲೋಡಿಂಗ್ (ಕೇಳಿದಾಗ ಮಾತ್ರ ಡೇಟಾ ತರುವುದು) ಬರೆಯುವವರು ಈ ಗುಣವನ್ನು ಬೇಕೆಂದೇ ಬಳಸುತ್ತಾರೆ. ನಿಮಗೆ ಅದು ಬೇಡದ ಅತಿಥಿ.

ಲೂಪಿನೊಳಗೆ

ಸರಿ ಸರಿ, ಒಪ್ಪಿದೆ. ಹಾಗಾದರೆ ಅನ್‌ಸೆಟ್ ಬೇಡ, ಎಲ್ಲಕ್ಕೂ ನಲ್ ಹಾಕಿ.

ನಲ್‌ಸೊನ್ನೆಯಲ್ಲ

‘ಇಂಟ್’ ಎಂದು ಬರೆದ ಪ್ರಾಪರ್ಟಿಗೆ ನಲ್ ಕೊಟ್ಟರೆ ಟೈಪ್‌ಎರರ್. ಅದನ್ನು ತಪ್ಪಿಸಲು ಎಲ್ಲ ಟೈಪ್‌ಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾ ಹೋಗುತ್ತೀರಿ. ಆಮೇಲೆ ಓದುವ ಕಡೆಯಲ್ಲೆಲ್ಲ ‘ನಲ್ ಇರಬಹುದೇ’ ಎಂದು ಕೇಳುತ್ತಾ ಕೂರಬೇಕು. ರೀಸೆಟ್‌ಗೋಸ್ಕರ ಇಡೀ ಕ್ಲಾಸಿನ ಟೈಪ್ ಸಡಿಲ ಮಾಡಿದ ಹಾಗಾಯಿತು. (ನನ್ನ ಹೆಸರು ಸುಮ್ನೆ ಇಟ್ಟುಕೊಂಡದ್ದಲ್ಲ.)

ಬಿಳಿಪರದೆ

ನಾನು ಫ್ರಂಟೆಂಡ್ (ಬ್ರೌಸರ್‌ನಲ್ಲಿ ಕಾಣುವ ಭಾಗ) ಕಡೆಯವಳು, ಪಿಎಚ್‌ಪಿ ಅಷ್ಟಾಗಿ ಗೊತ್ತಿಲ್ಲ. ಆದರೆ ಇದೇ ಗೊಂದಲ ನಮ್ಮಲ್ಲೂ ದಿನಾ ಇದೆ. ‘ರೀಸೆಟ್’ ಎಂದರೆ ಖಾಲಿ ಮಾಡುವುದೋ, ಮೊದಲಿನ ಹಾಗೆ ಮಾಡುವುದೋ? ಎರಡೂ ಬೇರೆ ಬೇರೆ.

ಎಚ್‌ಟಿಎಂಎಲ್ ಫಾರ್ಮ್‌ನ ರೀಸೆಟ್ ಮೆಥಡ್ ನೋಡಿ. ಎಷ್ಟೋ ಜನ ಅದು ಫಾರ್ಮ್ ಖಾಲಿ ಮಾಡುತ್ತದೆ ಅಂದುಕೊಂಡಿರುತ್ತಾರೆ. ಇಲ್ಲ. ಪೇಜ್ ಬಂದಾಗ ವ್ಯಾಲ್ಯೂ ಅಟ್ರಿಬ್ಯೂಟ್‌ನಲ್ಲಿ ಏನಿತ್ತೋ ಅದಕ್ಕೆ ಮರಳಿಸುತ್ತದೆ. ಎಡಿಟ್ ಪೇಜ್ ಆಗಿದ್ದರೆ ಹಳೇ ಹೆಸರು, ಹಳೇ ವಿಳಾಸ ಎಲ್ಲ ವಾಪಸ್ ಬಂದು ಕೂರುತ್ತವೆ. ಹಿಡನ್ ಫೀಲ್ಡ್ ಇನ್ನೂ ತಮಾಷೆ. ಸ್ಕ್ರಿಪ್ಟ್‌ನಿಂದ ಅದರ ಬೆಲೆ ಬದಲಿಸಿದರೆ ಅಟ್ರಿಬ್ಯೂಟೇ ಬದಲಾಗುತ್ತದೆ. ಹಾಗಾಗಿ ರೀಸೆಟ್ ಅದನ್ನು ಮುಟ್ಟುವುದೇ ಇಲ್ಲ. ಒಮ್ಮೆ ಹಿಡನ್ ಫೀಲ್ಡ್‌ನಲ್ಲಿ ಐಡಿ ಉಳಿದುಕೊಂಡು, ‘ಹೊಸದು ಸೇರಿಸಿ’ ಒತ್ತಿದವರೆಲ್ಲ ಹಳೇ ದಾಖಲೆಯನ್ನೇ ತಿದ್ದುತ್ತಿದ್ದರು. ಒಂದಿಡೀ ದಿನ ಹೋಯಿತು ನನಗೆ.

ಅರ್ಧವಿರಾಮ

ಅಯ್ಯೋ, ನನ್ನದೂ ಅದೇ ಜಾತಿಯ ತಪ್ಪು.

ನನಗೆ ಬೇಕಾದದ್ದು ಮೊದಲ ಬೆಲೆ, ಖಾಲಿ ಅಲ್ಲ. ಕೆಲವು ಪ್ರಾಪರ್ಟಿಗಳಿಗೆ ಡಿಫಾಲ್ಟ್ ಇದೆ. ‘$ಸಕ್ರಿಯ’ ಟ್ರೂ ಇಂದ ಶುರುವಾಗುತ್ತದೆ. ಹುಡುಕಿದಾಗ ‘ಗೆಟ್ ಕ್ಲಾಸ್ ವಾರ್ಸ್’ ಎಂಬ ಫಂಕ್ಷನ್ ಸಿಕ್ಕಿತು. ಕ್ಲಾಸಿನ ಹೆಸರು ಕೊಟ್ಟರೆ ಡಿಫಾಲ್ಟ್ ಬೆಲೆಗಳ ಅರೇ (ಪಟ್ಟಿ) ಕೊಡುತ್ತದಂತೆ. ಅದರ ಮೇಲೆ ಲೂಪ್ ಓಡಿಸಿ ಬೆಲೆಗಳನ್ನು $ದಿಸ್‌ಗೆ ವಾಪಸ್ ಹಾಕಿದೆ. ಫೋನ್ ನಂಬರ್ ಸರಿಯಾಯಿತು! ಆದರೆ ‘ತಿದ್ದಿದ ಸಮಯ’ ಮಾತ್ರ ಹಾಗೇ ಅಂಟಿಕೊಂಡಿದೆ. ಜೊತೆಗೆ ಸ್ಟ್ಯಾಟಿಕ್ ಪ್ರಾಪರ್ಟಿ ಬಗ್ಗೆ ಏನೋ ನೋಟಿಸ್ ಬರುತ್ತಿದೆ. ಯಾಕೆ?

ನಲ್‌ಸೊನ್ನೆಯಲ್ಲ

‘ತಿದ್ದಿದ ಸಮಯ’ ಪೇರೆಂಟ್ (ಇದಕ್ಕೆ ಮೂಲವಾದ) ಕ್ಲಾಸಿನಲ್ಲಿ ಪ್ರೈವೇಟ್ ಆಗಿರಬೇಕು, ಹೌದಾ? ಆ ಫಂಕ್ಷನ್ ಯಾವ ಜಾಗದಿಂದ ಕರೆದಿರೋ ಅಲ್ಲಿಂದ ಕಾಣುವಷ್ಟನ್ನು ಮಾತ್ರ ಕೊಡುತ್ತದೆ. ಕ್ಲಾಸಿನ ಹೊರಗಿಂದ ಕರೆದರೆ ಪಬ್ಲಿಕ್ ಮಾತ್ರ. ಒಳಗಿಂದ ಕರೆದರೆ ನಿಮ್ಮ ಪ್ರೈವೇಟ್ ಕೂಡ. ಪೇರೆಂಟ್‌ನ ಪ್ರೈವೇಟ್ ಮಾತ್ರ ಮಗುವಿಗೆ ಎಂದೂ ಕಾಣುವುದಿಲ್ಲ. ಪೇರೆಂಟ್‌ನಲ್ಲೂ ಒಂದು ರೀಸೆಟ್ ಇಟ್ಟು ಅದನ್ನು ಇಲ್ಲಿಂದ ಕರೆಯಬೇಕು.

ನೋಟಿಸ್ ಬರುವುದು ಏಕೆಂದರೆ ಆ ಅರೇಯಲ್ಲಿ ಸ್ಟ್ಯಾಟಿಕ್ ಪ್ರಾಪರ್ಟಿಗಳೂ ಇರುತ್ತವೆ. ನೀವು ಅವನ್ನು ಸಾಮಾನ್ಯ ಪ್ರಾಪರ್ಟಿಯಂತೆ $ದಿಸ್ ಮೂಲಕ ಬರೆಯಲು ಹೋಗಿದ್ದೀರಿ. ಪಿಎಚ್‌ಪಿ ಅದಕ್ಕೇ ಗೊಣಗುತ್ತಿದೆ.

ಅಚ್ಚುಕಟ್ಟಾಗಿ ಮಾಡಬೇಕೆಂದರೆ ರಿಫ್ಲೆಕ್ಷನ್ (ಕ್ಲಾಸಿನ ರಚನೆಯನ್ನು ಕೋಡ್‌ನಿಂದಲೇ ಓದುವ ಸೌಲಭ್ಯ) ಇದೆ. 8.0ರಿಂದ ಒಂದೊಂದು ಪ್ರಾಪರ್ಟಿಗೂ ‘ನಿನಗೆ ಡಿಫಾಲ್ಟ್ ಇದೆಯಾ’, ‘ಇದ್ದರೆ ಏನು’ ಎಂದು ಕೇಳಲು ಎರಡು ಮೆಥಡ್‌ಗಳಿವೆ. ಟೈಪ್ ಇದ್ದು ಬೆಲೆ ಕೊಡದ ಪ್ರಾಪರ್ಟಿ ‘ಇಲ್ಲ’ ಎನ್ನುತ್ತದೆ. ಅಂಥದ್ದನ್ನು ಮಾತ್ರ ಅನ್‌ಸೆಟ್ ಮಾಡಿದರೆ ಹುಟ್ಟಿದಾಗಿನ ಸ್ಥಿತಿಗೇ ಹೋಗುತ್ತದೆ.

ಕನ್‌ಸ್ಟ್ರಕ್ಟರ್‌ನ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಮೆಥಡ್) ಆವರಣದಲ್ಲೇ ಪ್ರಾಪರ್ಟಿ ಬರೆಯುವ ಹೊಸ ಪದ್ಧತಿ ಬಳಸಿದ್ದರೆ ಇದೂ ಸಾಲದು. ಅಲ್ಲಿ ಸಮಚಿಹ್ನೆ ಹಾಕಿ ಬರೆದ ಬೆಲೆ ಆರ್ಗ್ಯುಮೆಂಟ್‌ನ ಡಿಫಾಲ್ಟ್, ಪ್ರಾಪರ್ಟಿಯದ್ದಲ್ಲ. ರಿಫ್ಲೆಕ್ಷನ್‌ಗೆ ಪ್ರಾಪರ್ಟಿ ಕಡೆಯಿಂದ ಅದು ಸಿಗುವುದಿಲ್ಲ.

ಲೂಪಿನೊಳಗೆ

ಇಷ್ಟೆಲ್ಲ ಯಾಕೆ? ಕನ್‌ಸ್ಟ್ರಕ್ಟರನ್ನೇ ಮತ್ತೊಮ್ಮೆ ಕರೆದುಬಿಡಿ. $ದಿಸ್ ಆ್ಯರೋ ಕನ್‌ಸ್ಟ್ರಕ್ಟ್. ಪಿಎಚ್‌ಪಿ ಬೇಡ ಅನ್ನುವುದಿಲ್ಲ.

ಹಳೇಸರ್ವರ್

ಬೇಡ ಅನ್ನುವುದಿಲ್ಲ, ನಿಜ. ಪಿಎಚ್‌ಪಿ ಬಹಳಷ್ಟಕ್ಕೆ ಬೇಡ ಅನ್ನುವುದಿಲ್ಲ.

ಆದರೆ ಯೋಚಿಸಿ. ಪ್ರಾಪರ್ಟಿಗಳಿಗೆ ಡಿಫಾಲ್ಟ್ ಕೂರುವುದು ಕನ್‌ಸ್ಟ್ರಕ್ಟರ್ ಓಡುವುದಕ್ಕೆ ಮೊದಲು, ‘ನ್ಯೂ’ ಜಾಗ ಕೊಡುವಾಗ. ಕನ್‌ಸ್ಟ್ರಕ್ಟರ್ ಬರೀ ಒಂದು ಮೆಥಡ್. ಅದನ್ನು ಎರಡನೇ ಸಲ ಕರೆದರೆ ಅದರ ಒಳಗೆ ಬರೆದ ಸಾಲುಗಳು ಓಡುತ್ತವೆ, ಅಷ್ಟೇ. ಕ್ಲಾಸಿನ ಮೇಲ್ಭಾಗದಲ್ಲಿ ಕೊಟ್ಟ ಡಿಫಾಲ್ಟ್ ಮತ್ತೆ ಬರುವುದಿಲ್ಲ. ಅರ್ಧವಿರಾಮ ಅವರ ಫೋನ್ ನಂಬರ್ ಅಲ್ಲೇ ಇರುತ್ತದೆ. ಮೇಲಾಗಿ ಕನ್‌ಸ್ಟ್ರಕ್ಟರ್ ಡೇಟಾಬೇಸ್ ಕನೆಕ್ಷನ್ ತೆರೆಯುವುದೋ, ಲಿಸನರ್ ನೋಂದಾಯಿಸುವುದೋ ಮಾಡುತ್ತಿದ್ದರೆ ಅದೂ ಎರಡೆರಡು ಸಲ ಆಗುತ್ತದೆ. ನಾಳೆ ಯಾರಾದರೂ ಸಬ್‌ಕ್ಲಾಸ್ ಮಾಡಿ ಕನ್‌ಸ್ಟ್ರಕ್ಟರ್‌ಗೆ ಎರಡು ಆರ್ಗ್ಯುಮೆಂಟ್ ಸೇರಿಸಿದರೆ ನಿಮ್ಮ ಕರೆ ಅಲ್ಲಿ ಹೋಗಿ ಮುಗ್ಗರಿಸುತ್ತದೆ.

ಹಳೇ ಕಾಲದ ಮಾತು ಹೇಳಿದರೆ ನಗುತ್ತೀರಿ. ಪಿಎಚ್‌ಪಿ 4ರಲ್ಲಿ ನಾವು ಮೆಥಡ್ ಒಳಗಿಂದಲೇ $ದಿಸ್‌ಗೆ ಹೊಸ ಆಬ್ಜೆಕ್ಟ್ ಹಾಕಿಬಿಡುತ್ತಿದ್ದೆವು. ತನ್ನನ್ನೇ ತಾನು ಬದಲಿಸಿಕೊಳ್ಳುವ ಆಬ್ಜೆಕ್ಟ್! ಆಗ ಆಬ್ಜೆಕ್ಟ್ ಎಂದರೆ ಅರೇಯ ಹಾಗೆ, ಒಂದರಿಂದ ಇನ್ನೊಂದಕ್ಕೆ ಹಾಕಿದರೆ ಪೂರ್ತಿ ನಕಲಾಗುತ್ತಿತ್ತು. 2004ರಲ್ಲಿ ಪಿಎಚ್‌ಪಿ 5 ಬಂದು ಎರಡನ್ನೂ ನಿಲ್ಲಿಸಿತು. $ದಿಸ್‌ಗೆ ಏನಾದರೂ ಹಾಕಿದರೆ ಫೇಟಲ್ ಎರರ್. ವೇರಿಯಬಲ್‌ನಲ್ಲಿ ಆಬ್ಜೆಕ್ಟ್ ಇರುವುದಿಲ್ಲ, ಅದರ ಹಿಡಿ ಮಾತ್ರ ಇರುತ್ತದೆ. ಎರಡು ವೇರಿಯಬಲ್ ಎಂದರೆ ಒಂದೇ ಕೊಡಕ್ಕೆ ಎರಡು ಕೈ.

ಈಗ ನನ್ನ ಪ್ರಶ್ನೆ. ನಿಮ್ಮ ಲೂಪಿನ ಮೊದಲ ಸಾಲನ್ನು ಲೂಪಿನ ಒಳಗೆ ಇಟ್ಟರೆ ಏನಾಗುತ್ತದೆ? ಪ್ರತಿ ಸುತ್ತಿಗೂ ಒಂದು ನ್ಯೂ. ರೀಸೆಟ್ ಎಂಬ ಮಾತೇ ಬೇಡ. ಯಾಕೆ ಹೊರಗಿಟ್ಟಿರಿ?

ಅರ್ಧವಿರಾಮ

ಸ್ಪೀಡ್‌ಗೋಸ್ಕರ ಸರ್. ಫೈಲ್‌ನಲ್ಲಿ ನಲವತ್ತು ಸಾವಿರ ಸಾಲು ಇರುತ್ತವೆ. ಅಷ್ಟು ಆಬ್ಜೆಕ್ಟ್ ಮಾಡಿದರೆ ಮೆಮೊರಿ ತುಂಬಬಹುದು ಅಂತ.

ಹಳೇಸರ್ವರ್

ಅಳೆದು ನೋಡಿದಿರಾ?

ಹಿಂದಿನ ಸುತ್ತಿನ ಆಬ್ಜೆಕ್ಟಿನ ಮೇಲೆ ಬೇರೆ ಯಾರ ಕೈಯೂ ಇಲ್ಲದಿದ್ದರೆ, ಅದೇ ವೇರಿಯಬಲ್‌ಗೆ ಹೊಸದು ಬಂದ ಕ್ಷಣವೇ ಹಳೆಯದು ಹೋಗುತ್ತದೆ. ಪಿಎಚ್‌ಪಿ ಕೈಗಳನ್ನು ಎಣಿಸುತ್ತಿರುತ್ತದೆ, ಸೊನ್ನೆಯಾದರೆ ಕಾಯುವುದಿಲ್ಲ. ಹಾಗಾಗಿ ನಲವತ್ತು ಸಾವಿರ ಸುತ್ತಾದರೂ ಒಂದು ಹೊತ್ತಿಗೆ ಬದುಕಿರುವುದು ಒಂದೋ ಎರಡೋ. ಹೊಸ ಆಬ್ಜೆಕ್ಟಿನ ಖರ್ಚು, ಅದೇ ಸುತ್ತಿನಲ್ಲಿ ನೀವು ಮಾಡುವ ಡೇಟಾಬೇಸ್ ಇನ್ಸರ್ಟ್ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ರಿಫ್ಲೆಕ್ಷನ್‌ನಿಂದ 22 ಪ್ರಾಪರ್ಟಿ ತೊಳೆಯುವುದೇ ಜಾಸ್ತಿ ಕೆಲಸ.

ನಲ್‌ಸೊನ್ನೆಯಲ್ಲ

ಇದಕ್ಕೆ ನನ್ನದೂ ಒಂದು ಓಟು. ನಾನು ಮೇಲೆ ಬರೆದದ್ದೆಲ್ಲ ‘ಹೇಗೆ’ ಎಂಬುದಕ್ಕೆ ಉತ್ತರ. ‘ಬೇಕಾ’ ಎಂಬುದಕ್ಕಲ್ಲ. 8.1ರ ರೀಡ್‌ಓನ್ಲಿ ಪ್ರಾಪರ್ಟಿ ಇದ್ದರಂತೂ ರೀಸೆಟ್ ಸಾಧ್ಯವೇ ಇಲ್ಲ. ಒಮ್ಮೆ ಬೆಲೆ ಬಂದ ಮೇಲೆ ಅದನ್ನು ಬದಲಿಸಲೂ ಆಗದು, ಅನ್‌ಸೆಟ್ ಮಾಡಲೂ ಆಗದು. ಅಂಥ ಆಬ್ಜೆಕ್ಟಿಗೆ ಹೊಸದು ಮಾಡುವುದೊಂದೇ ದಾರಿ.

ಅರ್ಧವಿರಾಮ

ನ್ಯೂ ಒಳಗೆ ಹಾಕಿ ಓಡಿಸಿದೆ. ಸಮಯದಲ್ಲಿ ಕಣ್ಣಿಗೆ ಬೀಳುವ ವ್ಯತ್ಯಾಸ ಇಲ್ಲ. ಮೆಮೊರಿಯೂ ಹಾಗೇ ಇದೆ. ನಾಚಿಕೆಯಾಯಿತು.

ಮತ್ತೊಂದು ವಿಷಯ ತಾನಾಗಿಯೇ ಸರಿಯಾಯಿತು. ತಪ್ಪಿರುವ ಸಾಲುಗಳ ಗ್ರಾಹಕರನ್ನು $ವರದಿ ಎಂಬ ಅರೇಗೆ ಸೇರಿಸುತ್ತಿದ್ದೆ. ಕೊನೆಗೆ ನೋಡಿದರೆ ಅರೇಯಲ್ಲಿ ಹನ್ನೆರಡು ಜನ, ಹನ್ನೆರಡಕ್ಕೂ ಒಂದೇ ಹೆಸರು, ಫೈಲ್‌ನ ಕೊನೆಯವರದ್ದು. ಒಂದೇ ಕೊಡಕ್ಕೆ ಹನ್ನೆರಡು ಕೈ ಅಂತ ಈಗ ಅರ್ಥವಾಯಿತು.

ಆದರೆ ಹೊಸ ಸಮಸ್ಯೆ. ಪರಿಶೀಲನೆ ಮಾಡುವ ಒಂದು ಕ್ಲಾಸ್ ಇದೆ, ‘ಪರಿಶೀಲಕ’. ಲೂಪಿಗೆ ಮೊದಲೇ ಅದರ ಕನ್‌ಸ್ಟ್ರಕ್ಟರ್‌ಗೆ $ಗ್ರಾಹಕ ಕೊಟ್ಟಿರುತ್ತೇವೆ. ಈಗ ಅದು ಮೊದಲು ಕೊಟ್ಟ ಆಬ್ಜೆಕ್ಟನ್ನೇ ನೋಡುತ್ತಾ ಕೂತಿದೆ. ನಲವತ್ತು ಸಾವಿರ ಸಲ ‘ಎಲ್ಲ ಸರಿ ಇದೆ’ ಅಂದಿತು. ಆ ಕ್ಲಾಸ್ ಬೇರೆ ತಂಡದ್ದು, ನಾನು ಮುಟ್ಟುವ ಹಾಗಿಲ್ಲ.

ಲೂಪಿನೊಳಗೆ

ನೋಡಿದಿರಾ! ರೀಸೆಟ್ ಬೇಕಾಗುವುದು ಇಂಥ ಕಡೆಯೇ. ಹೊರಗೆ ಯಾರೋ ಕೈಯಲ್ಲಿ ಹಿಡಿದಿರುವಾಗ ಆಬ್ಜೆಕ್ಟ್ ಬದಲಿಸಲು ಆಗುವುದಿಲ್ಲ, ಒಳಗಿರುವುದನ್ನು ಬದಲಿಸಬೇಕು. ನಾನು ಮೊದಲಿಂದ ಹೇಳುತ್ತಿರುವುದು ಅದನ್ನೇ.

ಹಳೇಸರ್ವರ್

ನೀವು ಮೊದಲಿಂದ ಹೇಳುತ್ತಿದ್ದದ್ದು ಅನ್‌ಸೆಟ್. 🙂 ಆದರೆ ಈ ಮಾತು ಸರಿ, ಒಪ್ಪುತ್ತೇನೆ.

ಪರಿಶೀಲಕನನ್ನೂ ಲೂಪಿನೊಳಗೆ ಹೊಸದಾಗಿ ಮಾಡಲು ಆಗುವುದಿಲ್ಲವೇ?

ಅರ್ಧವಿರಾಮ

ಅದರ ಕನ್‌ಸ್ಟ್ರಕ್ಟರ್ ನಿಯಮಗಳನ್ನೆಲ್ಲ ಡೇಟಾಬೇಸ್‌ನಿಂದ ಓದುತ್ತದೆ. ಪ್ರತಿ ಸುತ್ತಿಗೂ ಮಾಡಿದರೆ ನಿಜವಾಗಿಯೂ ನಿಧಾನ. ಈ ಸಲ ಅಳೆದೇ ಹೇಳುತ್ತಿದ್ದೇನೆ.

ಬಿಳಿಪರದೆ

ಇದು ನಮ್ಮ ಕಡೆ ತೀರಾ ಸಾಮಾನ್ಯ. ವ್ಯೂ 3ರಲ್ಲಿ (ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್) ‘ರಿಯಾಕ್ಟಿವ್’ನಿಂದ ಮಾಡಿದ ಆಬ್ಜೆಕ್ಟನ್ನು ಸ್ಕ್ರೀನ್ ಹಿಡಿದುಕೊಂಡಿರುತ್ತದೆ. ನೀವು ವೇರಿಯಬಲ್‌ಗೆ ಹೊಸ ಆಬ್ಜೆಕ್ಟ್ ಹಾಕಿದರೆ ಸ್ಕ್ರೀನ್‌ಗೆ ಗೊತ್ತೇ ಆಗುವುದಿಲ್ಲ, ಹಳೆಯದನ್ನೇ ತೋರಿಸುತ್ತಿರುತ್ತದೆ. ನಿಮ್ಮ ಪರಿಶೀಲಕನ ಕಥೆಯೇ.

ನಾವು ‘ಆಬ್ಜೆಕ್ಟ್ ಅಸೈನ್’ ಬಳಸಿ ಮೊದಲ ಬೆಲೆಗಳನ್ನು ಅದೇ ಆಬ್ಜೆಕ್ಟಿನ ಮೇಲೆ ಸುರಿಯುತ್ತೇವೆ. ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಮೊದಲ ಬೆಲೆಗಳನ್ನು ಒಂದು ಕಾನ್‌ಸ್ಟ್ ಆಗಿ ಇಟ್ಟಿದ್ದೆ, ಅದರಲ್ಲಿ ‘ಟ್ಯಾಗ್‌ಗಳು’ ಎಂಬ ಖಾಲಿ ಅರೇ. ರೀಸೆಟ್ ಮಾಡಿದಾಗ ಅರೇಯ ನಕಲು ಬರಲಿಲ್ಲ, ಅದೇ ಅರೇ ಬಂತು. ಬಳಕೆದಾರರು ಟ್ಯಾಗ್ ಸೇರಿಸಿದಾಗ ನನ್ನ ‘ಮೊದಲ ಬೆಲೆ’ಗೇ ಸೇರಿತು. ಮುಂದಿನ ರೀಸೆಟ್‌ನಲ್ಲಿ ಹಳೇ ಟ್ಯಾಗ್ ಸಮೇತ ಫಾರ್ಮ್ ತೆರೆಯಿತು. ಈಗ ಕಾನ್‌ಸ್ಟ್ ಬದಲು ಫಂಕ್ಷನ್ ಇಡುತ್ತೇನೆ, ಪ್ರತಿ ಸಲ ಕರೆದಾಗ ಹೊಸ ಆಬ್ಜೆಕ್ಟ್ ಕಟ್ಟಿಕೊಡುತ್ತದೆ.

ಅಸೈನ್ ಇನ್ನೊಂದು ಕೆಲಸ ಮಾಡುವುದಿಲ್ಲ. ಮಧ್ಯದಲ್ಲಿ ಸೇರಿಸಿದ ಹೊಸ ಕೀಗಳನ್ನು ತೆಗೆಯುವುದಿಲ್ಲ. ಅದಕ್ಕೆ ಡಿಲೀಟ್ ಬೇಕು. ಕ್ರೋಮ್‌ನ ವಿ8 ಎಂಜಿನ್‌ನಲ್ಲಿ ಡಿಲೀಟ್ ಮಾಡಿದ ಆಬ್ಜೆಕ್ಟ್ ನಿಧಾನದ ಡಿಕ್ಷನರಿ ರೂಪಕ್ಕೆ ಜಾರಬಹುದು. ಹಾಗಾಗಿ ಎಲ್ಲ ಕೀಗಳನ್ನೂ ಮೊದಲೇ ಬರೆದಿಡುವುದು ವಾಸಿ. ಹ್ಯಾಶ್ ಚಿಹ್ನೆಯ ಪ್ರೈವೇಟ್ ಫೀಲ್ಡ್‌ಗಳಿದ್ದರೆ ಹೊರಗಿನ ಯಾವ ಲೂಪ್‌ಗೂ ಅವು ಕಾಣುವುದಿಲ್ಲ, ಕ್ಲಾಸೇ ತನ್ನ ರೀಸೆಟ್ ಬರೆದುಕೊಳ್ಳಬೇಕು.

ನಲ್‌ಸೊನ್ನೆಯಲ್ಲ

ಪಿಎಚ್‌ಪಿಯಲ್ಲಿ ಆ ಅರೇ ಗುಂಡಿ ಇಲ್ಲ. ಅರೇ ಬೆಲೆಯಾಗಿ ನಕಲಾಗುತ್ತದೆ. ಒಳಗೆ ಆಬ್ಜೆಕ್ಟ್ ಇದ್ದರೆ ಮಾತ್ರ ಅದೇ ಕಥೆ. ಒಂದು ಚೊಕ್ಕ ಪ್ರತಿ ಇಟ್ಟುಕೊಂಡು ಪ್ರತಿ ಸಲ ಕ್ಲೋನ್ (ನಕಲು) ಮಾಡುವವರು ಇದನ್ನು ನೆನಪಿಡಬೇಕು. ಕ್ಲೋನ್ ಮೇಲುಮೇಲಿನ ನಕಲು. ಒಳಗಿನ ಡೇಟ್‌ಟೈಮ್ ಆಬ್ಜೆಕ್ಟ್ ಎರಡಕ್ಕೂ ಒಂದೇ. ಒಂದು ಕಡೆ ಮಾಡಿಫೈ ಮಾಡಿದರೆ ಇನ್ನೊಂದು ಕಡೆಯ ದಿನಾಂಕವೂ ಓಡುತ್ತದೆ. ಡೇಟ್‌ಟೈಮ್ ಇಮ್ಯೂಟಬಲ್ ಬಳಸಿ, ಇಲ್ಲವೇ ಕ್ಲೋನ್ ಮ್ಯಾಜಿಕ್ ಮೆಥಡ್‌ನಲ್ಲಿ ಒಳಗಿನದ್ದನ್ನೂ ಕ್ಲೋನ್ ಮಾಡಿ.

ಹಳೇಸರ್ವರ್

ಅರ್ಧವಿರಾಮ ಅವರೇ, ನಿಮ್ಮ ಸಮಸ್ಯೆಗೆ ನಾನು ಮಾಡುವುದು ಇದು. ಗ್ರಾಹಕ ಕ್ಲಾಸನ್ನು ಎರಡು ಮಾಡಿ. ಆ 22 ಪ್ರಾಪರ್ಟಿಗಳು ‘ಗ್ರಾಹಕವಿವರ’ ಎಂಬ ಪುಟ್ಟ ಕ್ಲಾಸಿಗೆ ಹೋಗಲಿ. ‘ಗ್ರಾಹಕ’ದಲ್ಲಿ ಉಳಿಯುವುದು ಒಂದೇ ಪ್ರಾಪರ್ಟಿ, $ವಿವರ. ಆಗ ಹೊಸ ಸಾಲಿಗೆ ಸಿದ್ಧವಾಗುವುದು ಒಂದೇ ಸಾಲು:

$ದಿಸ್->ವಿವರ = ನ್ಯೂ ಗ್ರಾಹಕವಿವರ();

ಪರಿಶೀಲಕ ಹಿಡಿದಿರುವುದು ಹೊರಗಿನ ಚಿಪ್ಪನ್ನು. ಚಿಪ್ಪು ಬದಲಾಗಲಿಲ್ಲ, ಹಾಗಾಗಿ ಅವನಿಗೆ ಪ್ರತಿ ಸಲ ಹೊಸ ವಿವರ ಕಾಣುತ್ತದೆ. ನಾಳೆ 23ನೇ ಪ್ರಾಪರ್ಟಿ ಸೇರಿಸಿದರೂ ರೀಸೆಟ್‌ಗೆ ಸೇರಿಸಲು ಮರೆಯುವ ಪ್ರಶ್ನೆಯೇ ಇಲ್ಲ. ಕೈಯಲ್ಲಿ ಬರೆದ ರೀಸೆಟ್ ಮೆಥಡ್‌ಗಳು ಹಾಳಾಗುವುದು ಹೀಗೇ. ಬರೆದ ದಿನ ಸರಿಯಿರುತ್ತವೆ. ಆಮೇಲೆ ಬೇರೆ ಯಾರೋ ಒಂದು ಪ್ರಾಪರ್ಟಿ ಸೇರಿಸುತ್ತಾರೆ, ಇನ್ನೂರು ಸಾಲು ಕೆಳಗೆ ರೀಸೆಟ್ ಇದೆ ಅಂತ ಅವರಿಗೆ ಗೊತ್ತಿರುವುದಿಲ್ಲ.

ವರದಿಗೆ ಸೇರಿಸುವಾಗ ಚಿಪ್ಪನ್ನಲ್ಲ, ಒಳಗಿನ ವಿವರವನ್ನು ಸೇರಿಸಿ. ಇಲ್ಲದಿದ್ದರೆ ಹನ್ನೆರಡು ಕೈಗಳ ಕಥೆ ವಾಪಸ್ ಬರುತ್ತದೆ.

ಲೂಪಿನೊಳಗೆ

ಇದು ಚೆನ್ನಾಗಿದೆ. ಆದರೆ ಎಲ್ಲರಿಗೂ ಕ್ಲಾಸ್ ಒಡೆಯುವ ಅವಕಾಶ ಇರುವುದಿಲ್ಲ. ಲೈಬ್ರರಿಗಳೇ ರೀಸೆಟ್ ಇಟ್ಟಿರುತ್ತವಲ್ಲ. ಪಿಎಚ್‌ಪಿಮೇಲರ್ ನೋಡಿ. ಲೂಪಿನಲ್ಲಿ ಒಂದೇ ಆಬ್ಜೆಕ್ಟಿನಿಂದ ಮೇಲ್ ಕಳಿಸುವಾಗ ಪ್ರತಿ ಸುತ್ತಿಗೂ ‘ಕ್ಲಿಯರ್ ಅಡ್ರೆಸಸ್’ ಕರೆಯಬೇಕು. ಇಲ್ಲದಿದ್ದರೆ ಎರಡನೇ ಮೇಲ್ ಇಬ್ಬರಿಗೆ, ಮೂರನೆಯದು ಮೂವರಿಗೆ ಹೋಗುತ್ತದೆ. ಅಟ್ಯಾಚ್‌ಮೆಂಟ್‌ಗೆ ಬೇರೆ ಕ್ಲಿಯರ್ ಇದೆ. ಅಲ್ಲಿ ಆಬ್ಜೆಕ್ಟ್ ಉಳಿಸಿಕೊಳ್ಳುವುದಕ್ಕೆ ಕಾರಣವಿದೆ. ಮೇಲ್ ಸರ್ವರ್‌ಗೆ ಎಸ್‌ಎಂಟಿಪಿ ಕನೆಕ್ಷನ್ ತೆರೆದಿಟ್ಟುಕೊಂಡರೆ ಪ್ರತಿ ಮೇಲ್‌ಗೂ ಹೊಸದಾಗಿ ಲಾಗಿನ್ ಆಗಬೇಕಿಲ್ಲ.

ಹಳೇಸರ್ವರ್

ಒಳ್ಳೇ ಉದಾಹರಣೆ. ಗಮನಿಸಿ, ಅಲ್ಲಿ ‘ಎಲ್ಲ ರೀಸೆಟ್’ ಅಂತ ಒಂದೇ ಗುಂಡಿ ಇಲ್ಲ. ವಿಳಾಸ ಬೇರೆ, ಅಟ್ಯಾಚ್‌ಮೆಂಟ್ ಬೇರೆ. ಯಾವುದು ಹೋಗಬೇಕು, ಯಾವುದು ಉಳಿಯಬೇಕು ಅನ್ನುವುದು ಹೆಸರಿನಲ್ಲೇ ಇದೆ. ಕನೆಕ್ಷನ್ ಉಳಿಯಬೇಕು, ವಿಳಾಸ ಹೋಗಬೇಕು. ನಿಮ್ಮ ಮೂರು ಸಾಲಿನ ಫಾರ್‌ಈಚ್ ಅಲ್ಲಿ ಕನೆಕ್ಷನ್ನನ್ನೂ ಕಿತ್ತುಹಾಕುತ್ತಿತ್ತು.

ಲೂಪಿನೊಳಗೆ

ಫಾರ್‌ಈಚ್ ಬಿಟ್ಟುಬಿಡಿ ಗುರುಗಳೇ, ಎಷ್ಟು ಸಲ ಎತ್ತುತ್ತೀರಿ.

ಅರ್ಧವಿರಾಮ

ಕ್ಲಾಸ್ ಒಡೆದೆ. ನಿನ್ನೆ ಇಡೀ ಸಂಜೆ ಅದಕ್ಕೇ ಹೋಯಿತು, ಆದರೆ ಪರಿಶೀಲಕ ಈಗ ಸರಿಯಾಗಿ ಬೈಯುತ್ತಿದ್ದಾನೆ. ಫೋನ್ ನಂಬರ್ ಅಂಟುವುದಿಲ್ಲ, ವರದಿಯಲ್ಲಿ ಹನ್ನೆರಡೂ ಬೇರೆ ಬೇರೆ ಹೆಸರು.

ಆದರೆ ಒಂದು ಉಳಿದಿದೆ. ನನ್ನ ಕಂಪ್ಯೂಟರ್‌ನಲ್ಲಿ ಎಷ್ಟು ಸಲ ಓಡಿಸಿದರೂ ಸರಿ. ಸರ್ವರ್‌ನಲ್ಲಿ ಮೊದಲ ಫೈಲ್ ಸರಿ, ಎರಡನೇ ಫೈಲ್‌ನ ತಪ್ಪುಪಟ್ಟಿಯಲ್ಲಿ ಮೊದಲ ಫೈಲ್‌ನ ತಪ್ಪುಗಳೂ ಸೇರಿ ಬರುತ್ತಿವೆ. ಎಲ್ಲ ಆಬ್ಜೆಕ್ಟೂ ಹೊಸದು. ಇದೇನು ದೆವ್ವ?

ರಾತ್ರಿಪಾಳಿ

ಸರ್ವರ್‌ನಲ್ಲಿ ಇದು ಕ್ಯೂ ವರ್ಕರ್‌ನಲ್ಲಿ (ಸರದಿಯಲ್ಲಿ ಬಂದ ಕೆಲಸಗಳನ್ನು ನಿಲ್ಲದೆ ಮಾಡುವ ಪ್ರೋಗ್ರಾಂ) ಓಡುತ್ತಿದೆಯಾ? ನಿಮ್ಮ ಕಂಪ್ಯೂಟರ್‌ನಲ್ಲಿ ಸುಮ್ನೆ ಕಮಾಂಡ್ ಹೊಡೆದು ಓಡಿಸುತ್ತೀರಾ?

ಅರ್ಧವಿರಾಮ

ಹೌದು. ಎರಡೂ ಹೌದು.

ರಾತ್ರಿಪಾಳಿ

ಹಾಗಾದರೆ ಎಲ್ಲೋ ಸ್ಟ್ಯಾಟಿಕ್ ಇದೆ. ಮೇಲೆ ನೀವೇ ಸ್ಟ್ಯಾಟಿಕ್ ಪ್ರಾಪರ್ಟಿ ಬಗ್ಗೆ ನೋಟಿಸ್ ಬಂತು ಅಂದಿದ್ದಿರಿ. ಅದೇ ಸುಳಿವು, ಎಲ್ಲರೂ ದಾಟಿಕೊಂಡು ಹೋದರು.

ಸ್ಟ್ಯಾಟಿಕ್ ಪ್ರಾಪರ್ಟಿ ಆಬ್ಜೆಕ್ಟಿನದ್ದಲ್ಲ, ಕ್ಲಾಸಿನದ್ದು. ನೂರು ಸಲ ನ್ಯೂ ಮಾಡಿದರೂ ಅದು ಒಂದೇ, ಅಲ್ಲೇ ಇರುತ್ತದೆ. ಸಾಮಾನ್ಯ ವೆಬ್ ಪೇಜ್‌ನಲ್ಲಿ ಇದು ಗೊತ್ತಾಗುವುದಿಲ್ಲ. ಎಫ್‌ಪಿಎಂನಲ್ಲಿ (ವೆಬ್ ಸರ್ವರ್‌ಗಾಗಿ ಪಿಎಚ್‌ಪಿ ಓಡಿಸುವ ವ್ಯವಸ್ಥೆ) ಪ್ರೊಸೆಸ್ ಬದುಕಿದ್ದರೂ ಪ್ರತಿ ರಿಕ್ವೆಸ್ಟ್ ಮುಗಿದಾಗ ಪಿಎಚ್‌ಪಿ ಎಲ್ಲವನ್ನೂ ಗುಡಿಸಿ ಹಾಕುತ್ತದೆ, ಸ್ಟ್ಯಾಟಿಕ್ ಸಮೇತ. ಕಮಾಂಡ್ ಆದರೆ ಪ್ರೊಸೆಸ್ಸೇ ಸಾಯುತ್ತದೆ. ಪಿಎಚ್‌ಪಿ ಬರೆಯುವ ನಾವೆಲ್ಲ ಈ ಗುಡಿಸುವವನ ಭರವಸೆಯ ಮೇಲೆ ಬೆಳೆದವರು. ವರ್ಕರ್‌ನಲ್ಲಿ ಅವನಿಲ್ಲ. ಒಂದೇ ಪ್ರೊಸೆಸ್ ಒಂದರ ಹಿಂದೆ ಒಂದು ಕೆಲಸ ಮಾಡುತ್ತಾ ಹೋಗುತ್ತದೆ. ಪ್ರೊಸೆಸ್ ಬದುಕಿಸಿಡುವ ಸ್ವೂಲ್, ರೋಡ್‌ರನ್ನರ್, ಲಾರವೆಲ್ ಆಕ್ಟೇನ್, ಫ್ರಾಂಕೆನ್‌ಪಿಎಚ್‌ಪಿಯ ವರ್ಕರ್ ಮೋಡ್, ಎಲ್ಲದರಲ್ಲೂ ಇದೇ.

ಅದಕ್ಕೇ ಸಿಂಫನಿ ಫ್ರೇಮ್‌ವರ್ಕ್‌ನಲ್ಲಿ ‘ರೀಸೆಟ್ ಇಂಟರ್‌ಫೇಸ್’ ಅಂತಲೇ ಒಂದಿದೆ. ಅದರಲ್ಲಿ ಇರುವುದು ರೀಸೆಟ್ ಎಂಬ ಒಂದೇ ಮೆಥಡ್. ಸರ್ವಿಸ್ ಕ್ಲಾಸ್ ಅದನ್ನು ಹೊತ್ತರೆ, ಒಂದು ರಿಕ್ವೆಸ್ಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಫ್ರೇಮ್‌ವರ್ಕೇ ಅದನ್ನು ಕರೆಯುತ್ತದೆ. ಲಾರವೆಲ್ ಫ್ರೇಮ್‌ವರ್ಕ್‌ನಲ್ಲಿ ಸಿಂಗಲ್‌ಟನ್ (ಎಲ್ಲರಿಗೂ ಒಂದೇ ಆಬ್ಜೆಕ್ಟ್) ಬದಲು ‘ಸ್ಕೋಪ್ಡ್’ ಎಂದು ಬರೆದರೆ ಪ್ರತಿ ರಿಕ್ವೆಸ್ಟ್‌ಗೆ, ಪ್ರತಿ ಜಾಬ್‌ಗೆ ಹೊಸ ಆಬ್ಜೆಕ್ಟ್ ಸಿಗುತ್ತದೆ. ಆದರೆ ಎರಡೂ ನೀವೇ ಬರೆದ ಸ್ಟ್ಯಾಟಿಕ್ಕನ್ನು ತಾವಾಗಿ ಮುಟ್ಟುವುದಿಲ್ಲ.

ಫಂಕ್ಷನ್ ಒಳಗಿನ ಸ್ಟ್ಯಾಟಿಕ್ ವೇರಿಯಬಲ್‌ಗಳನ್ನೂ ಹುಡುಕಿ. ಅವು ಇನ್ನೂ ಕಳ್ಳರು, ಯಾವ ರಿಫ್ಲೆಕ್ಷನ್ ಲೂಪಿನಿಂದಲೂ ಮರಳಿಸಲು ಆಗುವುದಿಲ್ಲ.

ನಲ್‌ಸೊನ್ನೆಯಲ್ಲ

ಛೆ, ನೋಟಿಸ್ ಯಾಕೆ ಬರುತ್ತದೆ ಅಂತ ವಿವರಿಸಿದವನು ನಾನೇ. ಆ ಸ್ಟ್ಯಾಟಿಕ್ ಏನು ಅಂತ ಕೇಳಲಿಲ್ಲ.

ರೀಸೆಟ್ ಉಳಿಸಿಕೊಳ್ಳುವವರಿಗೆ ಟೆಸ್ಟ್ ಬಗ್ಗೆ ಒಂದು ಮಾತು. ಒಂದು ಆಬ್ಜೆಕ್ಟನ್ನು ಪೂರ್ತಿ ಕೊಳೆ ಮಾಡಿ, ರೀಸೆಟ್ ಕರೆದು, ಹೊಸದೊಂದರ ಜೊತೆ ಹೋಲಿಸಿ. ಎರಡು ಸಮಚಿಹ್ನೆಯಿಂದ ಹೋಲಿಸಬೇಡಿ. ಅದು ನಲ್‌ಗೂ ಸೊನ್ನೆಗೂ, ನಲ್‌ಗೂ ಖಾಲಿ ಸ್ಟ್ರಿಂಗ್‌ಗೂ ವ್ಯತ್ಯಾಸ ಮಾಡುವುದಿಲ್ಲ. ಒಳಗೆ ಬೇರೆ ಆಬ್ಜೆಕ್ಟ್ ಇಲ್ಲದಿದ್ದರೆ ಎರಡನ್ನೂ ಅರೇಗೆ ಕಾಸ್ಟ್ ಮಾಡಿ ಮೂರು ಸಮಚಿಹ್ನೆಯಿಂದ ಹೋಲಿಸಿ. ಕಾಸ್ಟ್ ಮಾಡಿದಾಗ ಪೇರೆಂಟ್‌ನ ಪ್ರೈವೇಟ್ ಕೂಡ ಬರುತ್ತದೆ, ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಸ್ಟ್ಯಾಟಿಕ್ ಬಿಟ್ಟು.

ಅರ್ಧವಿರಾಮ

ಸಿಕ್ಕಿತು. ಗ್ರಾಹಕ ಕ್ಲಾಸಿನ ಆರನೇ ಸಾಲು: ‘ಪ್ರೈವೇಟ್ ಸ್ಟ್ಯಾಟಿಕ್ ಅರೇ $ತಪ್ಪುಗಳು’. ಇತಿಹಾಸ ನೋಡಿದೆ, ಹಾಕಿದ್ದು ನಾನೇ. ‘ಎಲ್ಲ ಆಬ್ಜೆಕ್ಟ್‌ಗಳಿಂದಲೂ ಸುಲಭವಾಗಿ ಸಿಗಲಿ’ ಅಂತ ಕಮಿಟ್ ಮೆಸೇಜ್ ಬೇರೆ ಬರೆದಿದ್ದೇನೆ.

ತಪ್ಪುಪಟ್ಟಿಯನ್ನು ಈಗ ಬೇರೆ ಆಬ್ಜೆಕ್ಟ್ ಮಾಡಿ, ಫೈಲ್ ಓದುವ ಮೆಥಡ್‌ನ ಮೊದಲ ಸಾಲಿನಲ್ಲೇ ಹೊಸದಾಗಿ ಹುಟ್ಟಿಸುತ್ತೇನೆ. ಫೈಲ್ ಮುಗಿದರೆ ಅದೂ ಹೋಗುತ್ತದೆ. ವರ್ಕರ್‌ನಲ್ಲಿ ಐದು ಫೈಲ್ ಒಂದರ ಹಿಂದೆ ಒಂದು ಬಿಟ್ಟೆ, ಐದಕ್ಕೂ ಅದರದ್ದೇ ಪಟ್ಟಿ.

ರಾತ್ರಿಪಾಳಿ

ವರ್ಕರನ್ನು ರೀಸ್ಟಾರ್ಟ್ ಮಾಡಿದಿರಿ ತಾನೇ? ಹೊಸ ಕೋಡ್ ಹಾಕಿದರೂ ಹಳೇ ಪ್ರೊಸೆಸ್ ಹಳೇ ಕ್ಲಾಸನ್ನೇ ಓಡಿಸುತ್ತಿರುತ್ತದೆ.

ಅರ್ಧವಿರಾಮ

ಮಾಡಿದೆ. ಮೊದಲ ಸಲ ಮಾಡಿರಲಿಲ್ಲ, ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಮಾಡಿದೆ.

ಲೂಪಿನೊಳಗೆ ಅವರೇ, ನಿಮ್ಮ ಮೊದಲ ಉತ್ತರ ನೋಡಿ ಬರೆದಿದ್ದ ರೀಸೆಟ್ ಮೆಥಡನ್ನು ಈಗಷ್ಟೇ ಅಳಿಸಿದೆ. ಅದನ್ನು ಕರೆಯುತ್ತಿದ್ದದ್ದು ಮೂರು ಕಡೆ. ಎರಡು ನನ್ನವು. ಮೂರನೆಯದು ಪಕ್ಕದ ತಂಡದವರ ಟೆಸ್ಟ್ ಫೈಲ್, ಎರಡೇ ದಿನದಲ್ಲಿ ಅವರು ಬಳಸಲು ಶುರುಮಾಡಿಬಿಟ್ಟಿದ್ದಾರೆ. ಈಗ ಆ ಟೆಸ್ಟ್ ಫೇಲಾಗಿ ಕೆಂಪಾಗಿದೆ. ನಾಳೆ ಹೋಗಿ ಮಾತಾಡಬೇಕು.

ಲೂಪಿನೊಳಗೆ

ನನ್ನ ಹೆಸರು ಹೇಳಬೇಡಿ.